ಉತ್ತರ ಕನ್ನಡ ಸೀಮೆಯ ಹಳೆಯ ನ್ಯಾಯಪತ್ರಗಳು: ಅವುಗಳ ಇರವು ಮತ್ತು ಪಡೆಯುವ ಬಗೆ

ಸಹ್ಯಾದ್ರಿಯ ಘಟ್ಟಗಳಿಗೂ ಪಶ್ಚಿಮ ಸಮುದ್ರಕ್ಕೂ ನಡುವೆ ಕಾಡು ಹೊಳೆಗಳಿಂದ ಕಡಿದು ಬೇರೆಯಾದಂತಿರುವ ಉತ್ತರ ಕನ್ನಡ ಸೀಮೆಯ ಚರಿತ್ರವನ್ನು ಬರೆಯಹೊರಟವರು ಬಹುಮಟ್ಟಿಗೆ ಶಾಸನಗಳನ್ನೂ ಮಠಗಳ ಕಡತಗಳನ್ನೂ ವಿದೇಶೀಯ ಪ್ರವಾಸಿಗಳ ಬರಹಗಳನ್ನೂ ಆಧಾರವಾಗಿ ಇಟ್ಟುಕೊಂಡಿರುವರು. ಇವುಗಳೊಡನೆ ಸಮಾನವಾಗಿ ಎಣಿಸತಕ್ಕ ಮತ್ತೊಂದು ಸಾಮಗ್ರಿಯುಂಟು. ಅದು ನ್ಯಾಯಸ್ಥಾನಗಳ ಪತ್ರಸಮೂಹ. ಭೂಮಿಯ ಒಡೆತನ, ದಾಯವಿಭಾಗ, ದತ್ತಸ್ವೀಕಾರ, ದೇವಸ್ಥಾನದ ಮರ್ಯಾದೆ, ಸೊಪ್ಪಿನ ಬೆಟ್ಟ, ಅಡಕೆ ತೋಟದ ನೀರಿನ ಪಾಳಿ, ಇವೇ ಮೊದಲಾದ ವಿಷಯಗಳಲ್ಲಿ ಆ ಸೀಮೆಯ ಜನರು ಎರಡು ಶತಮಾನಗಳಷ್ಟು ಕಾಲ ವಾದಿಸಿದ ಮಾತುಗಳು ಈ ಪತ್ರಗಳಲ್ಲಿ ಅಡಗಿವೆ. ಆದರೂ ಇವನ್ನು ಬಳಸಿದ ವಿದ್ವಾಂಸರು ವಿರಳ. ಇದಕ್ಕೆ ಅನಾದರವು ಕಾರಣವೆಂದು ನಾನು ಎಣಿಸುವುದಿಲ್ಲ. ಕಾಗದವು ಯಾವ ಊರಿನ ಯಾವ ಕಚೇರಿಯಲ್ಲಿದೆ, ಅದನ್ನು ಕೇಳಲು ಯಾರಿಗೆ ಅಧಿಕಾರ, ಏನೆಂದು ಬರೆದು ಕೇಳಬೇಕು ಎಂಬುದೇ ತಿಳಿಯದೆ ಅನೇಕರು ಮೊದಲನೆಯ ಬಾಗಿಲಿನಿಂದಲೇ ಹಿಂದಿರುಗುವರು. ಈ ತೊಡಕನ್ನು ಬಿಡಿಸುವುದಕ್ಕೆ ಬೇಕಾದ ಚರಿತ್ರಾಂಶಗಳನ್ನು ವಾಚಕರ ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶ.

ನಮ್ಮ ಪೂರ್ವಿಕರಲ್ಲಿ ನ್ಯಾಯಪತ್ರವೆಂಬುದು ಇರಲಿಲ್ಲವೆಂದು ಭಾವಿಸತಕ್ಕದ್ದಲ್ಲ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ, ವಾದಿಯು ನಿವೇದಿಸಿದುದನ್ನು ಪ್ರತಿವಾದಿಯ ಎದುರಿನಲ್ಲಿಯೇ ಸಂವತ್ಸರ, ಮಾಸ, ಪಕ್ಷ, ದಿನ, ಹೆಸರು, ಜಾತಿ ಮುಂತಾದ ಗುರುತುಗಳೊಡನೆ ಬರೆದಿಡಬೇಕೆಂಬ ವಿಧಿಯಿದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ನಾಡಿನಲ್ಲಿಯೇ ಹುಟ್ಟಿದ ಮಿತಾಕ್ಷರೆಯು ಇದನ್ನು ವಿಸ್ತರಿಸಿ ಹೇಳುತ್ತದೆ. ವ್ಯವಹಾರವು ಮುಗಿದ ಮೇಲೆ ಪೂರ್ವಪಕ್ಷ, ಉತ್ತರ, ಪ್ರಮಾಣ, ನಿರ್ಣಯ ಇವೆಲ್ಲವನ್ನೂ ಒಳಗೊಂಡು ರಾಜಮುದ್ರೆಯನ್ನು ಹೊತ್ತ ಜಯಪತ್ರವನ್ನು ಗೆದ್ದವನಿಗೆ ಕೊಡಬೇಕೆಂಬುದು ಸ್ಮೃತಿಕಾರರ ಮತ. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಜಯಪತ್ರವು ಸೇರಿದುದು ಗೆದ್ದವನ ಮನೆಯನ್ನು, ರಾಜನ ಕಚೇರಿಯನ್ನಲ್ಲ. ಸೋತವನಿಗೆ ಪತ್ರವಿಲ್ಲ, ಗೆದ್ದವನ ವಂಶವು ಅಳಿದರೆ ನ್ಯಾಯದ ಗುರುತೂ ಅಳಿಯಿತು. ಕಚೇರಿಯೇ ಪತ್ರವನ್ನು ಇಟ್ಟುಕೊಂಡು, ಕೇಳಿದವನಿಗೆ ನಕಲನ್ನು ಕೊಡುವ ಕ್ರಮವು ಈ ಸೀಮೆಯಲ್ಲಿ ನೆಲೆಗೊಂಡುದು ಇಂಗ್ಲಿಷರ ಕಾಲದಲ್ಲಿ.

ಆದರೆ ಈ ಕಚೇರಿಯು ಒಂದೇ ಕಡೆ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು! 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಕನ್ನಡ ಜಿಲ್ಲೆಯು ಇಡಿಯಾಗಿ ಕಂಪೆನಿಯ ವಶಕ್ಕೆ ಬಂದು ಮದರಾಸು ಪ್ರಾಂತಕ್ಕೆ ಸೇರಿತು. ಥಾಮಸ್ ಮನ್ರೋ ಅದರ ಮೊದಲನೆಯ ಕಲೆಕ್ಟರು. ಆ ಪ್ರಾಂತದಲ್ಲಿ 1802ರ ರೆಗ್ಯುಲೇಷನ್ನುಗಳು ಹಾಕಿದ ವ್ಯವಸ್ಥೆಯಂತೆ ಕೆಳಗೆ ಜಿಲ್ಲಾ ನ್ಯಾಯಸ್ಥಾನ, ಅದರ ಮೇಲೆ ಪಶ್ಚಿಮ ವಿಭಾಗಕ್ಕಾಗಿ ತಲಚೇರಿಯಲ್ಲಿದ್ದ ಪ್ರಾಂತೀಯ ನ್ಯಾಯಸ್ಥಾನ, ಎಲ್ಲಕ್ಕೂ ಮೇಲೆ ಮದರಾಸಿನ ಸದರ್ ಅದಾಲತ್ತು. ಪ್ರಾಂತೀಯ ನ್ಯಾಯಸ್ಥಾನಗಳು 1843ರಲ್ಲಿ ರದ್ದಾದುವು. ಮುಂದೆ ಜಿಲ್ಲೆಯನ್ನು ಉತ್ತರ ದಕ್ಷಿಣಗಳೆಂದು ಒಡೆದರು; 1862ರಲ್ಲಿ ಉತ್ತರ ಭಾಗವನ್ನು ಮುಂಬಯಿ ಪ್ರಾಂತಕ್ಕೆ ಒಪ್ಪಿಸಿದರು. ಧಾರವಾಡದ ಕಡೆಯ ಹತ್ತಿಯನ್ನು ಕಾರವಾರದ ಬಂದರಿನಿಂದ ಸಾಗಿಸಬೇಕೆಂಬ ವರ್ತಕರ ಒತ್ತಾಯವೇ ಈ ವರ್ಗಾವಣೆಗೆ ಮುಖ್ಯ ಪ್ರೇರಣೆ. ಹೀಗೆ ಹತ್ತಿಯ ಮೂಟೆಗಳಿಗಾಗಿ ಒಂದು ಸೀಮೆಯ ನ್ಯಾಯಪತ್ರಗಳು ಎರಡು ಪ್ರಾಂತಗಳ ಪಾಲಾದುವು. ಜಿಲ್ಲೆಯ ಮುಖ್ಯಸ್ಥಾನವೂ ಹೊನ್ನಾವರದಿಂದ ಕಾರವಾರಕ್ಕೆ ಹೋಯಿತು. ಅದೇ 1862ರ ಆಗಸ್ಟಿನಲ್ಲಿ ಮದರಾಸು ಮುಂಬಯಿಗಳೆರಡರಲ್ಲಿಯೂ ಹೈಕೋರ್ಟುಗಳು ಹುಟ್ಟಿದುವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಬಂದಾಗ ಅಪೀಲುಗಳು ಬೆಂಗಳೂರಿಗೆ ತಿರುಗಿದುವು. 2008ರಲ್ಲಿ ಧಾರವಾಡದಲ್ಲಿ ಕರ್ನಾಟಕ ಹೈಕೋರ್ಟಿನ ಸಂಚಾರಿ ಪೀಠವು ಏರ್ಪಟ್ಟು 2013ರಲ್ಲಿ ಅದು ಕಾಯಂ ಪೀಠವಾದ ಮೇಲೆ ಉತ್ತರ ಕನ್ನಡದ ಅಪೀಲುಗಳಿಗೆ ಅದೇ ಸ್ಥಾನವಾಗಿದೆ.

ಇದರಿಂದ ಏನಾಯಿತೆಂದರೆ, ಸಿದ್ದಾಪುರದ ಕಡೆಯ ಒಂದೇ ಹಳ್ಳಿಯ ಒಂದೇ ತೋಟದ ವಿಷಯದಲ್ಲಿ ನಾಲ್ಕು ತಲೆಮಾರುಗಳು ವ್ಯವಹಾರ ಹೂಡಿದ್ದರೆ, ಮುತ್ತಜ್ಜನ 1850ರ ಅಪೀಲಿಗೆ ಮದರಾಸಿನ, ಎಂದರೆ ಈಗಿನ ಚೆನ್ನೈಯ, ದಾರಿಯನ್ನು ಹಿಡಿಯಬೇಕು. ಅಜ್ಜನ 1880ರ ಅಪೀಲು ಮುಂಬಯಿಯಲ್ಲಿ. ಮಗನ 1960ರದು ಬೆಂಗಳೂರಿನಲ್ಲಿ. ಮೊಮ್ಮಗನ 2010ರದು ಧಾರವಾಡದಲ್ಲಿ. ಭೂಮಿಯು ಒಂದಂಗುಲವೂ ಕದಲಲಿಲ್ಲ. ನ್ಯಾಯಪತ್ರವು ಭೂಮಿಯನ್ನು ಹಿಂಬಾಲಿಸುವುದಿಲ್ಲ, ಅಧಿಕಾರವನ್ನು ಹಿಂಬಾಲಿಸುತ್ತದೆ. ಕಾಗದವನ್ನು ಹುಡುಕುವುದಕ್ಕೆ ಮೊದಲು ಆ ಕಾಗದವನ್ನು ಹುಟ್ಟಿಸಿದ ನ್ಯಾಯಸ್ಥಾನದ ಚರಿತ್ರವನ್ನು ಬರೆದುಕೊಳ್ಳದೆ ಹೊರಟವನ ಶ್ರಮವು ಬಹುಶಃ ವ್ಯರ್ಥವಾದೀತು.

ಇನ್ನು ಸಣ್ಣ ತೊಡಕುಗಳು. ಕುಂದಾಪುರ ತಾಲೂಕು ಮೊದಲು ಉತ್ತರ ಭಾಗಕ್ಕೆ ಸೇರಿದ್ದು, 1862ರ ವರ್ಗಾವಣೆಯ ಕಾಲದಲ್ಲಿ ಅದೊಂದನ್ನು ಮಾತ್ರ ದಕ್ಷಿಣ ಕನ್ನಡಕ್ಕೆ ಉಳಿಸಿಕೊಂಡರು. ಆದಕಾರಣ ಆ ನಡುವಣ ಸ್ವಲ್ಪ ಕಾಲದ ಕುಂದಾಪುರದ ವ್ಯವಹಾರಗಳನ್ನು ಎರಡು ಕಡೆಯ ದಾಖಲೆಗಳಲ್ಲಿಯೂ ನೋಡಬೇಕಾದೀತು. ನ್ಯಾಯಾಧಿಪತಿಗಳ ಬಿರುದುಗಳೂ ಬದಲಾದುವು. ಮದರಾಸಿನ ಆಳಿಕೆಯಲ್ಲಿ ಮುನಸೀಫನೆನಿಸಿಕೊಂಡ ಕೆಳಗಿನ ನ್ಯಾಯಾಧಿಪತಿಯ ಸ್ಥಾನದಲ್ಲಿ, 1869ರ ಮುಂಬಯಿ ಸಿವಿಲ್ ಕೋರ್ಟುಗಳ ಕಾಯಿದೆಯ ತರುವಾಯ ಸಬಾರ್ಡಿನೇಟ್ ಜಡ್ಜನು ಕಾಣಿಸಿಕೊಳ್ಳುವನು. 1964ರ ಕಾಯಿದೆಯಿಂದ ಮುನಸೀಫನು ಮರಳಿ ಬಂದು ಮತ್ತೆ ಹೋದನು. ಊರುಗಳ ಹೆಸರಂತೂ ಹೇಳತೀರದು. ಹೊನ್ನಾವರವು ‘ಓನೋರ್’, ಸದಾಶಿವಗಡವು ‘ಸೆದಾಶೆಗರ್’, ಸೋದೆಯು ‘ಸೂಂಡ’ ಎಂಬ ವೇಷದಲ್ಲಿ ಹಳೆಯ ಸೂಚಿಗಳಲ್ಲಿ ಕುಳಿತಿರುವುವು. ಕನ್ನಡ ಬಲ್ಲವನು ಈ ಸೂಚಿಗಳನ್ನು ಗಟ್ಟಿಯಾಗಿ ಓದಿಕೊಂಡರೆ ಕಣ್ಣಿಗೆ ತಪ್ಪಿದುದು ಕಿವಿಗೆ ಸಿಕ್ಕುವುದುಂಟು.

ಮದರಾಸಿನ ಕಾಲದ ಪತ್ರಗಳಲ್ಲಿ ಎರಡು ಬಗೆಗಳನ್ನು ಬೇರ್ಪಡಿಸಿಕೊಳ್ಳಬೇಕು. ನ್ಯಾಯಾಡಳಿತದ ವಿಷಯವಾಗಿ ಸರಕಾರವು ನಡೆಸಿದ ಪತ್ರವ್ಯವಹಾರವು ಒಂದು. ಇದು ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿ ಸಂಪುಟಗಳಾಗಿ ದೊರೆಯುತ್ತದೆ. ಪ್ರಾಂತಗಳ ಇಂತಹ ಕಲಾಪಗಳ ಪ್ರತಿಯು ಲಂಡನಿಗೂ ಹೋಗುತ್ತಿದ್ದುದರಿಂದ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸು ದಾಖಲೆಗಳಲ್ಲಿಯೂ ಇದೆ. ಒಂದೊಂದು ದಾವೆಯ ಕಟ್ಟು ಎರಡನೆಯದು. ಇದು ನ್ಯಾಯಸ್ಥಾನದ ಸೊತ್ತು. ಮೊದಲನೆಯದರಲ್ಲಿ ದಾವೆಯ ಸುಳಿವು ಸಿಕ್ಕಬಹುದೇ ಹೊರತು ಸಾಕ್ಷಿಗಳ ಮಾತು ಸಿಕ್ಕುವುದು ಅಪರೂಪ. ಪತ್ರಾಗಾರದಲ್ಲಿ ದೊರೆಯಲಿಲ್ಲವೆಂದು ದಾವೆಯೇ ಇರಲಿಲ್ಲವೆಂದು ತೀರ್ಮಾನಿಸುವುದು ಸಲ್ಲದು.

ಸಂಸ್ಕೃತಜ್ಞರಿಗೆ ವಿಶೇಷವಾಗಿ ಉಪಯುಕ್ತವಾದ ಮಾತೊಂದನ್ನು ಇಲ್ಲಿಯೇ ಅರಿಕೆ ಮಾಡುತ್ತೇನೆ. ಕಂಪೆನಿಯ ನ್ಯಾಯಸ್ಥಾನಗಳಲ್ಲಿ ಧರ್ಮಶಾಸ್ತ್ರದ ಪ್ರಶ್ನೆ ಬಂದಾಗ ಪಂಡಿತರಿಂದ ವ್ಯವಸ್ಥೆಯನ್ನು ಬರೆಯಿಸಿಕೊಳ್ಳುತ್ತಿದ್ದರು. ಈ ಪಂಡಿತಪದವಿಯನ್ನು 1864ರ ಹನ್ನೊಂದನೆಯ ಕಾಯಿದೆಯು ತೆಗೆದುಹಾಕಿತು. ಮುಂಬಯಿ ಪ್ರಾಂತದ ಶಾಸ್ತ್ರಿಗಳ ಉತ್ತರಗಳನ್ನು ವೆಸ್ಟ್ ಮತ್ತು ಬ್ಯೂಲರ್ ಎಂಬ ವಿದ್ವಾಂಸರು ಕಲೆಹಾಕಿ 1867ರಿಂದ 1869ರೊಳಗೆ ಪ್ರಕಟಿಸಿದರು. ಆದರೆ ಉತ್ತರ ಕನ್ನಡವು ಮುಂಬಯಿಗೆ ಸೇರಿದುದು 1862ರಲ್ಲಿ. ಪದವಿಯು ಹೋದುದು 1864ರಲ್ಲಿ. ಈ ಎರಡು ವರ್ಷಗಳ ಅಂತರದಲ್ಲಿ ಎಷ್ಟು ವ್ಯವಸ್ಥೆಗಳು ಹುಟ್ಟಿರಬಹುದು? ಅದಕ್ಕೆ ಹಿಂದಿನ ಅರವತ್ತು ವರ್ಷಗಳವನ್ನು ಆ ಗ್ರಂಥದಲ್ಲಿ ಹುಡುಕಿ ಪ್ರಯೋಜನವಿಲ್ಲ. ಅವು ಮದರಾಸು ಆಳಿಕೆಯ ದಾವೆಯ ಕಟ್ಟುಗಳಲ್ಲಿ ಇರತಕ್ಕುವು. ಗೋಕರ್ಣ, ಸೋದೆ, ಬನವಾಸಿಯಂತಹ ವಿದ್ಯಾಸ್ಥಾನಗಳಿರುವ ಸೀಮೆಯಲ್ಲಿ ಪಂಡಿತರು ಮಿತಾಕ್ಷರೆಯನ್ನು ಹೇಗೆ ಅರ್ಥೈಸುತ್ತಿದ್ದರೆಂಬುದಕ್ಕೆ ಇದಕ್ಕಿಂತ ನೇರವಾದ ಪ್ರಮಾಣವಿರಲಾರದು.

ಇನ್ನು ಮುಂಬಯಿ ಕಾಲದ ವಿಚಾರ. ಈ ಕಾಲದ ತೀರ್ಪುಗಳಲ್ಲಿ ಚರಿತ್ರಕಾರರಿಗೆ ಪರಿಚಿತವಾದುವು ಎರಡು: 1875ರ ವೈಕುಂಠ ಬಾಪೂಜಿಯ ಮೊಕದ್ದಮೆ, 1879ರ ಭಾಸ್ಕರಪ್ಪನ ಮೊಕದ್ದಮೆ. ಮೊದಲನೆಯದು ಭೂಕಂದಾಯವನ್ನು ಏರಿಸುವ ಸರಕಾರದ ಹಕ್ಕನ್ನು ಕುರಿತದ್ದು. ಮುಂಬಯಿ ಹೈಕೋರ್ಟಿನ ವರದಿಗಳ ಹನ್ನೆರಡನೆಯ ಸಂಪುಟಕ್ಕೆ ಅನುಬಂಧವಾಗಿ ಅಚ್ಚಾಗಿದೆ. ಎರಡನೆಯದು ಕಾಡಿನ ಒಡೆತನವನ್ನು ಕುರಿತದ್ದು. ಇಂಡಿಯನ್ ಲಾ ರಿಪೋರ್ಟ್ಸಿನ ಮುಂಬಯಿ ಶ್ರೇಣಿಯ ಮೂರನೆಯ ಸಂಪುಟದಲ್ಲಿದೆ. ಮುಖ್ಯ ನ್ಯಾಯಾಧೀಶ ವೆಸ್ಟ್ರಾಪನ ಕಾಲದ ಈ ತೀರ್ಪುಗಳು, ಅದರಲ್ಲಿಯೂ ಮೊದಲನೆಯದು, ಸಾಮಾನ್ಯವಾದ ತೀರ್ಪುಗಳಲ್ಲ. ಕನ್ನಡ ಜಿಲ್ಲೆಯ ಭೂಹಿಡುವಳಿಯ ಚರಿತ್ರವನ್ನು ವಿಜಯನಗರದಿಂದ ತೊಡಗಿ ಮನ್ರೋವಿನ ತನಕ ವಿವರಿಸುವ ಪ್ರಬಂಧವೆಂದೇ ಅದನ್ನು ಎಣಿಸಬಹುದು. ಆದುದರಿಂದಲೇ ಅನೇಕರು ಅದನ್ನು ಮೂಲಾಧಾರವೆಂಬಂತೆ ಎತ್ತಿ ಬರೆಯುವುದುಂಟು. ನನಗೆ ಇದು ಸಮ್ಮತವಲ್ಲ. ತೀರ್ಪೆಂಬುದು ಎರಡು ಪಕ್ಷಗಳು ಮುಂದಿಟ್ಟ ಆಧಾರಗಳಲ್ಲಿ ತನಗೆ ಬೇಕಾದುದನ್ನು ಆರಿಸಿಕೊಂಡು ಒಂದು ಪ್ರಶ್ನೆಗೆ ಉತ್ತರ ಕೊಡುವುದು. ಸರಕಾರವೇ ಪ್ರತಿವಾದಿಯಾಗಿದ್ದಲ್ಲಿ, ಸರಕಾರದ ಕಲೆಕ್ಟರುಗಳ ಪತ್ರಗಳೇ ಮುಖ್ಯ ಸಾಕ್ಷ್ಯವಾಗಿದ್ದಲ್ಲಿ, ರೈತನು ತಂದ ಪತ್ರಗಳೇನಿದ್ದುವೆಂಬುದನ್ನು ನಾವೇ ನೋಡದೆ ಒಪ್ಪಿಕೊಳ್ಳುವುದು ಹೇಗೆ?

ಒಂದು ಉದಾಹರಣೆಯನ್ನು ಕೊಡುವೆನು. ಹರಿಹರರಾಯನ ಕಾಲದಲ್ಲಿ ವಿದ್ಯಾರಣ್ಯರು ಪರಾಶರನ ವಚನಕ್ಕೆ ವ್ಯಾಖ್ಯಾನ ಬರೆದು ಅದನ್ನು ರಾಜ್ಯಾಧಿಕಾರಿಗಳಿಗೆ ಕೈಪಿಡಿಯಾಗಿ ಮಾಡಿದರೆಂದೂ ಕಂದಾಯದ ನಿಷ್ಕರ್ಷೆಗೆ ಅದೇ ಆಧಾರವೆಂದೂ ಮಾರ್ಕ್ ವಿಲ್ಕ್ಸನು 1810ರಲ್ಲಿ ಬರೆದನು. ಇದು ಒಂದು ಗ್ರಂಥದಿಂದ ಇನ್ನೊಂದಕ್ಕೆ ಹರಿದು ಬಂದಿದೆ. ಆದರೆ ಪರಾಶರಸ್ಮೃತಿಯಲ್ಲಿ ಆಚಾರ ಪ್ರಾಯಶ್ಚಿತ್ತಗಳೆರಡೇ ಉಂಟು, ವ್ಯವಹಾರಕಾಂಡವೇ ಇಲ್ಲ. ಮಾಧವಾಚಾರ್ಯರು ರಾಜಧರ್ಮವನ್ನು ಹೇಳುವ ಒಂದು ಶ್ಲೋಕವನ್ನು ನೆಪಮಾಡಿಕೊಂಡು ವ್ಯವಹಾರಭಾಗವನ್ನು ತಾವೇ ಬೇರೆ ಸ್ಮೃತಿಗಳಿಂದ ಕೂಡಿಸಿದರು. ಇದು ಗ್ರಂಥವನ್ನು ಓದಿದವರಿಗೆಲ್ಲ ತಿಳಿದ ವಿಷಯ. ಹೀಗಿರಲು, ಕನ್ನಡ ಜಿಲ್ಲೆಯ ಶಿಸ್ತು ಶಾಮಿಲುಗಳಿಗೆ ಪರಾಶರನು ಎಷ್ಟರ ಮಟ್ಟಿಗೆ ಹೊಣೆಯೆಂಬುದು ಲೆಕ್ಕದ ಕಡತಗಳಿಂದ ತೀರ್ಮಾನವಾಗಬೇಕೇ ವಿನಾ ಕೇಳಿಕೆಯ ಮಾತಿನಿಂದಲ್ಲ.

ಆ ಕಡತಗಳೋ! ಬಟ್ಟೆಗೆ ಇದ್ದಿಲು ಮತ್ತು ಅಂಟಿನ ಲೇಪವನ್ನು ಬಳಿದು, ಒಣಗಿದ ಮೇಲೆ ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಇವನ್ನು ಮನ್ರೋವೂ ವಿಲ್ಕ್ಸನೂ ಕಂಡು ಬಣ್ಣಿಸಿರುವರು. ಬರಹವು ಬಹುಕಾಲ ಬಾಳುತ್ತದೆ. ಒರಸಿದರೆ ಹೋಗಿ ಮತ್ತೆ ಬರೆಯಲೂ ಬರುತ್ತದೆ. ನ್ಯಾಯಸ್ಥಾನದಲ್ಲಿ ಇಂತಹುದನ್ನು ಮುಂದಿಟ್ಟಾಗ ಎದುರು ಪಕ್ಷವು ಮೊದಲು ಎತ್ತುವ ಆಕ್ಷೇಪ ಯಾವುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಸಾಕ್ಷಿಗೆ ಬಂದ ಕಡತಗಳು ಈಗ ಎಲ್ಲಿವೆ? ನ್ಯಾಯಸ್ಥಾನದ ಕೋಣೆಯಲ್ಲಿ ಹುಡುಕುವವನಿಗೆ ಅವು ಬಹುಶಃ ದೊರೆಯಲಾರವು. ಕಾರಣವನ್ನು ಸಿವಿಲ್ ವ್ಯವಹಾರ ಸಂಹಿತೆಯೇ ಹೇಳುತ್ತದೆ. 1882ರ ಸಂಹಿತೆಯಲ್ಲಿಯೂ ಈಗ ನಡೆಯುತ್ತಿರುವ 1908ರ ಸಂಹಿತೆಯಲ್ಲಿಯೂ, ದಾವೆಯು ಮುಗಿದು ಅಪೀಲಿನ ಅವಧಿಯು ಕಳೆದ ಮೇಲೆ, ಪತ್ರವನ್ನು ಹಾಜರುಪಡಿಸಿದವನು ಅದನ್ನು ಹಿಂದಕ್ಕೆ ಪಡೆಯಬಹುದೆಂಬ ನಿಯಮವಿದೆ. ಲೆಕ್ಕದ ಪುಸ್ತಕವಾದರೆ ಬೇಕಾದ ಭಾಗದ ನಕಲನ್ನು ಮಾತ್ರ ಇಟ್ಟುಕೊಂಡು ಪುಸ್ತಕವನ್ನು ಕೊಟ್ಟುಬಿಡುವುದೂ ಉಂಟು. ತೀರ್ಪಿನಿಂದ ಪೂರ್ತಿಯಾಗಿ ನಿರರ್ಥಕವಾದ ಪತ್ರವನ್ನು ಮಾತ್ರ ಹಿಂದಿರುಗಿಸಕೂಡದು. ಇದರ ಫಲವು ವಿಚಿತ್ರವಾಗಿದೆ: ಬೆಲೆಯುಳ್ಳ ಮೂಲಪತ್ರವು ಮನೆಗೆ ಹೋಯಿತು, ಬೆಲೆಗೆಟ್ಟದ್ದು ಕಚೇರಿಯಲ್ಲಿ ಉಳಿಯಿತು! ಜಯಪತ್ರವನ್ನು ಗೆದ್ದವನ ಮನೆಯಲ್ಲಿರಿಸಿದ ಸ್ಮೃತಿಕಾರರ ಕ್ರಮವು ಬೇರೊಂದು ಬಾಗಿಲಿನಿಂದ ಮರಳಿ ಬಂದಂತಾಯಿತು.

ಆದರೆ ಅದೇ ಸಂಹಿತೆಯಲ್ಲಿ ನಮಗೆ ಅನುಕೂಲವಾದ ಇನ್ನೊಂದು ನಿಯಮವಿದೆ. ಸಾಕ್ಷ್ಯವಾಗಿ ಅಂಗೀಕರಿಸಿದ ಪ್ರತಿಯೊಂದು ಪತ್ರದ ಮೇಲೆ ದಾವೆಯ ನಂಬರು, ಪಕ್ಷಗಾರರ ಹೆಸರು, ಹಾಜರುಪಡಿಸಿದವನ ಹೆಸರು, ಹಾಜರಾದ ದಿನ ಇಷ್ಟನ್ನೂ ಬರೆದು ನ್ಯಾಯಾಧಿಪತಿಯು ರುಜು ಹಾಕಬೇಕು. ಶಿರಸಿ, ಯಲ್ಲಾಪುರ, ಅಂಕೋಲೆಗಳ ಹಳೆಯ ಮನೆಗಳಲ್ಲಿ ಮೂಲಗೇಣಿಯ ಚೀಟಿಯೋ ಭೋಗ್ಯದ ಪತ್ರವೋ ದೊರೆತಾಗ ಅದರ ಬೆನ್ನಿನ ಮೇಲಣ ಮಸುಕಾದ ಇಂಗ್ಲಿಷ್ ಗೀಚನ್ನು ನಮ್ಮವರು ಲೆಕ್ಕಿಸುವುದಿಲ್ಲ. ಮುಂಭಾಗದ ಕನ್ನಡವನ್ನು ಮಾತ್ರ ನಕಲುಮಾಡಿಕೊಂಡು ಬರುವರು. ಆ ಗೀಚೇ ದಾವೆಯ ನಂಬರಾಗಿರಬಹುದು. ಕಚೇರಿಯ ಕೋಣೆಯಿಂದ ಮನೆಗೆ ದಾರಿ ಸಿಕ್ಕದಿದ್ದರೂ ಮನೆಯ ಪೆಟ್ಟಿಗೆಯಿಂದ ಕಚೇರಿಗೆ ದಾರಿ ಉಂಟು. ನಂಬರು ವರ್ಷಗಳು ದೊರೆತರೆ ದಾವೆಗಳ ರಿಜಿಸ್ಟರಿನಲ್ಲಿ ಪಕ್ಷಗಾರರು, ಹಕ್ಕಿನ ಸ್ವರೂಪ, ತೀರ್ಪಿನ ದಿನ, ಅಪೀಲಾಗಿದ್ದರೆ ಅದರ ಫಲ, ಎಲ್ಲವೂ ಒಂದೇ ಸಾಲಿನಲ್ಲಿ ದೊರೆಯುತ್ತವೆ. ಮೊದಲು ಕೇಳಬೇಕಾದುದು ಈ ರಿಜಿಸ್ಟರನ್ನೇ.

ಇನ್ನು ಕೇಳುವ ಕ್ರಮ. ನ್ಯಾಯಸ್ಥಾನದ ಕಲಾಪಗಳ ದಾಖಲೆಯು ಸಾರ್ವಜನಿಕ ಪತ್ರವೆಂದೂ, ನೋಡಲು ಹಕ್ಕುಳ್ಳವನಿಗೆ ಶುಲ್ಕವನ್ನು ಪಡೆದು ದೃಢೀಕೃತ ನಕಲನ್ನು ಕೊಡತಕ್ಕದ್ದೆಂದೂ 1872ರ ಸಾಕ್ಷ್ಯ ಕಾಯಿದೆಯು ವಿಧಿಸಿತ್ತು. ಅದರ ಸ್ಥಾನದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಇದನ್ನೇ ಹೇಳುತ್ತದೆ. 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಅರ್ಜಿಯನ್ನು ಹಾಕಿದರೆ ಸುಲಭವಾಗಿ ದೊರೆಯುವುದೆಂದು ಕೆಲವರು ನಂಬಿರುವರು. 2020ರ ಮಾರ್ಚಿನಲ್ಲಿ ಗುಜರಾತ್ ಹೈಕೋರ್ಟಿನ ಸಂಬಂಧವಾಗಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನಂತೆ, ನ್ಯಾಯಸ್ಥಾನದ ನಿಯಮಗಳಲ್ಲಿಯೇ ನಕಲು ಪಡೆಯುವ ದಾರಿಯಿರುವಾಗ ಆ ದಾರಿಯಲ್ಲಿಯೇ ಹೋಗಬೇಕು. ದಾವೆಗೆ ಸಂಬಂಧಪಡದ ಹೊರಗಿನವನು ತನಗೆ ನಕಲು ಏಕೆ ಬೇಕೆಂಬುದನ್ನು ಪ್ರಮಾಣಪತ್ರದೊಡನೆ ತಿಳಿಸಬೇಕೆಂಬ ಆ ಹೈಕೋರ್ಟಿನ ನಿಯಮವನ್ನು ಅದು ಎತ್ತಿಹಿಡಿಯಿತು. ಬೇರೆ ಹೈಕೋರ್ಟುಗಳ ನಿಯಮಗಳೂ ಹೊರಗಿನವನಿಂದ ಸಾಮಾನ್ಯವಾಗಿ ಕಾರಣವನ್ನು ಕೇಳುತ್ತವೆ. ಆದುದರಿಂದ ಚರಿತ್ರಸಂಶೋಧಕನು ತನ್ನ ಅರ್ಜಿಯಲ್ಲಿ ನ್ಯಾಯಸ್ಥಾನದ ಆಗಿನ ಹೆಸರು, ದಾವೆಯ ನಂಬರು ಮತ್ತು ವರ್ಷ, ಉಭಯ ಪಕ್ಷಗಾರರ ಹೆಸರುಗಳು, ತೀರ್ಪಿನ ದಿನ, ಬೇಕಾದ ಪತ್ರ ಯಾವುದು ಎಂಬುದನ್ನು ಬರೆದು, ಸಂಶೋಧನೆಯೇ ಉದ್ದೇಶವೆಂದು ಸ್ಪಷ್ಟವಾಗಿ ಹೇಳಿ, ಒಂದು ವಿದ್ಯಾಸಂಸ್ಥೆಯ ಪತ್ರವನ್ನು ಲಗತ್ತಿಸುವುದು ಲೇಸು. “ಸೋದೆ ಸೀಮೆಯ ಹಳೆಯ ದಾವೆಗಳು” ಎಂದು ಗಂಟುಕಟ್ಟಿ ಕೇಳಿದರೆ ಯಾವ ಗುಮಾಸ್ತನೂ ಹುಡುಕಿಕೊಡಲಾರನು. ಅದು ಅವನ ತಪ್ಪಲ್ಲ. ಈಗಿನ ದಾವೆಗಳಿಗೆ ಹದಿನಾರು ಅಕ್ಷರಾಂಕಗಳ ಗುರುತು ಉಂಟಾಗಿ ದೂರದ ಊರಿನಿಂದಲೇ ಅವುಗಳ ಸ್ಥಿತಿಯನ್ನು ತಿಳಿಯಲು ಸಾಧ್ಯವಾಗಿದೆ. ಹಳೆಯವಕ್ಕೆ ಈ ಭಾಗ್ಯವಿಲ್ಲ. ಪ್ರಿವಿ ಕೌನ್ಸಿಲಿನ ತನಕ ಹೋದ ದಾವೆಗಳ ಗತಿ ಉತ್ತಮ; 1949ರಲ್ಲಿ ಆ ಅಪೀಲು ನಿಲ್ಲುವ ತನಕ ಪ್ರತಿಯೊಂದಕ್ಕೂ ಕಾಗದಪತ್ರಗಳನ್ನು ಅಚ್ಚುಹಾಕಿಸುತ್ತಿದ್ದುದರಿಂದ ಅನುವಾದರೂಪದಲ್ಲಾದರೂ ಅವು ಉಳಿದಿವೆ.

ಅನುವಾದವೆಂದಾಗಲೇ ಮುಖ್ಯವಾದ ಭಯವು ನೆನಪಿಗೆ ಬರುತ್ತದೆ. ಕೆಳಗಿನ ನ್ಯಾಯಸ್ಥಾನದಲ್ಲಿ ಅಪೀಲಿಗೆ ಯೋಗ್ಯವಾದ ದಾವೆಗಳ ಸಾಕ್ಷಿಯನ್ನು ನ್ಯಾಯಸ್ಥಾನದ ಭಾಷೆಯಲ್ಲಿ ಬರೆದುಕೊಳ್ಳಬೇಕೆಂಬ ನಿಯಮವಿತ್ತು. ತೋಟಿಗನೂ ದೋಣಿಯವನೂ ವಿಧವೆಯೂ ಆಡಿದ ಮಾತು, ಕಾನು, ಬೇಣ, ಹಾಡಿ, ಕುಮರಿ, ಚಾಲಗೇಣಿ ಎಂಬ ಶಬ್ದಗಳನ್ನು ಅವರು ಬಳಸಿದ ಅರ್ಥ, ಇವು ಆ ಹೇಳಿಕೆಗಳಲ್ಲಿವೆ. 1855ರ ವಿಲ್ಸನ್ನನ ಪಾರಿಭಾಷಿಕ ಕೋಶದಲ್ಲಿಯೂ 1894ರ ಕಿಟ್ಟೆಲ್ಲರ ನಿಘಂಟಿನಲ್ಲಿಯೂ ಇಂತಹ ಶಬ್ದಗಳಿಗೆ ಒಂದೆರಡು ಪಂಕ್ತಿಗಳ ಅರ್ಥ ದೊರೆತರೆ ಹೆಚ್ಚು. ಸಾಕ್ಷಿಹೇಳಿಕೆಯಲ್ಲಿ ವಕೀಲನು ಅದೇ ಶಬ್ದವನ್ನು ಹಿಡಿದು ಸಾಕ್ಷಿಯನ್ನು ನಾಲ್ಕು ಬಗೆಯಾಗಿ ಕೆಣಕಿರುತ್ತಾನೆ. ಆದರೆ 1917ರ ಐದನೆಯ ಕಾಯಿದೆಯು ಕೆಲಸಕ್ಕೆ ಬಾರದ ದಾಖಲೆಗಳನ್ನು ನಾಶಪಡಿಸಲು ನಿಯಮಮಾಡುವ ಅಧಿಕಾರವನ್ನು ಹೈಕೋರ್ಟುಗಳಿಗೆ ಕೊಟ್ಟಿತು. ಇಂತಹ ನಿಯಮಗಳಲ್ಲಿ ತೀರ್ಪು ಡಿಕ್ರಿಗಳಿಗೆ ದೀರ್ಘಾಯುಸ್ಸು, ಸಾಕ್ಷಿಹೇಳಿಕೆಗಳಿಗೆ ಅಲ್ಪಾಯುಸ್ಸು. ಆಡಳಿತದ ದೃಷ್ಟಿಯಿಂದ ಇದು ಅಯುಕ್ತವೆನ್ನಲಾರೆ. ಕೋಣೆಗಳಿಗೆ ಮಿತಿಯಿದೆ, ಗೆದ್ದಲಿಗೆ ಇಲ್ಲ. ಆದರೆ ಹೀಗೆ ಜರಡಿಯಾಡಿದ ಮೇಲೆ ಉಳಿಯುವುದು ನ್ಯಾಯಾಧಿಪತಿಯ ಇಂಗ್ಲಿಷ್, ಹೋಗುವುದು ಪಕ್ಷಗಾರರ ಕನ್ನಡ.

ಇದಕ್ಕೆ ನಮ್ಮಂತಹ ಸಂಸ್ಥೆಗಳಿಂದ ಆಗಬಹುದಾದುದು ಎರಡು. ಐವತ್ತು ವರ್ಷಗಳಿಗಿಂತ ಹಳೆಯ ಕಟ್ಟುಗಳನ್ನು ನಾಶಕ್ಕೆ ಆರಿಸಿದಾಗ ಅವುಗಳ ಪಟ್ಟಿಯನ್ನು ರಾಜ್ಯ ಪತ್ರಾಗಾರಕ್ಕೂ ವಿದ್ಯಾಸಂಸ್ಥೆಗಳಿಗೂ ಮುಂಚಿತವಾಗಿ ತಿಳಿಸಬೇಕೆಂದು ಹೈಕೋರ್ಟಿಗೆ ಬಿನ್ನಹ ಮಾಡಿಕೊಳ್ಳುವುದು ಒಂದು. ಬಿನ್ನಹದೊಡನೆ ಯಾವ ವರ್ಗದ ದಾವೆಗಳನ್ನು ಉಳಿಸಬೇಕೆಂಬ ಸೂಚನೆಯನ್ನೂ ನಾವೇ ಕೊಡಬೇಕು: ಭೂಹಿಡುವಳಿ, ದೇವಸ್ಥಾನ, ದತ್ತಕ, ಕಾಡಿನ ಹಕ್ಕು ಇವು ಮೊದಲು, ಸಾಲದ ದಾವೆಗಳಲ್ಲಿ ಮಾದರಿಗೆ ಕೆಲವು ಸಾಕು. ಇನ್ನೊಂದು ನಮ್ಮ ಕೈಯಲ್ಲಿಯೇ ಇದೆ. ಓಲೆಗರಿ ಕಡತಗಳ ಶೋಧಕ್ಕೆ ಘಟ್ಟದ ಮೇಲೂ ಕೆಳಗೂ ತಿರುಗುವ ಸದಸ್ಯರು ಗ್ರಂಥದ ಹೆಸರು, ಕರ್ತೃ, ಗರಿಗಳ ಸಂಖ್ಯೆ, ಲಿಪಿ ಎಂದು ಈಗ ತುಂಬುತ್ತಿರುವ ಪಟ್ಟಿಯಲ್ಲಿ “ಹಿಂಬದಿಯ ನ್ಯಾಯಸ್ಥಾನದ ಗುರುತು” ಎಂಬ ಇನ್ನೊಂದು ಅಂಕಣವನ್ನು ಸೇರಿಸಿಕೊಂಡು, ಕಂಡ ನಂಬರು ವರ್ಷಗಳನ್ನು ಕಂಡಂತೆಯೇ ಬರೆದು ಪತ್ರಿಕೆಗೆ ಕಳುಹಿಸಬೇಕೆಂದು ಕೋರುತ್ತೇನೆ. ಮೋಡಿಯಲ್ಲಿದ್ದರೆ ಓದಲು ಬಾರದೆಂದು ಬಿಡದೆ ಅದರ ಪಡಿಯಚ್ಚನ್ನು ತೆಗೆದರೂ ಸಾಕು.